ಉಸುಕು ಜರಡಿಯಲ್ಲ: ನೆಲದ ನೀರಿನಲ್ಲಿ ನ್ಯಾನೊ ಕಣಗಳ ದಾರಿ

ಬೇಸಿಗೆಯಲ್ಲಿ ಭೀಮೆ ಬತ್ತಿ ಅಲ್ಲಲ್ಲಿ ಮಡುವಾಗಿ ನಿಂತಾಗ ದಂಡೆಯ ಊರಿನವರು ಮಡುವಿನ ನೀರಿಗೆ ಕೊಡ ಅದ್ದುವುದಿಲ್ಲ. ಹತ್ತು ಹೆಜ್ಜೆ ಈಚೆ ಉಸುಕಿನಲ್ಲಿ ಮೊಣಕೈ ಆಳ ತೋಡಿ ಒರತಿ ಮಾಡುತ್ತಾರೆ. ಮೊದಲು ಬರುವ ಕದಡು ನೀರನ್ನು ಎರಡು ಮೂರು ಸಲ ಗೋರಿ ಚೆಲ್ಲುತ್ತಾರೆ. ಆಮೇಲೆ ಒಸರುವುದು ತಿಳಿ ನೀರು. ಅತ್ತ ಮಡುವಿನಲ್ಲಿ ಎಮ್ಮೆ ಬಿದ್ದ ರಾಡಿ, ಇತ್ತ ಒರತಿಯಲ್ಲಿ ತಳದ ಹರಳು ಎಣಿಸುವಷ್ಟು ತಿಳಿ. ಎರಡೂ ಒಂದೇ ನೀರು. ನಡುವೆ ಇರುವುದು ಉಸುಕು ಮಾತ್ರ. ಉಸುಕು ಸೋಸಿತು ಎನ್ನುತ್ತೇವೆ.

ಸೋಸಿದ್ದು ಹೇಗೆ ಎಂದು ಲೆಕ್ಕಕ್ಕೆ ಕೂತರೆ ತೊಡಕು ಶುರುವಾಗುತ್ತದೆ. ನಡುಗಾತ್ರದ ಉಸುಕಿನ ಒಂದು ಹರಳು ಸುಮಾರು 0.4 ಮಿಲಿಮೀಟರ್ ಅಗಲ ಎಂದು ಹಿಡಿಯೋಣ. ಅಂಥ ದುಂಡು ಹರಳುಗಳು ಎಷ್ಟೇ ಒತ್ತಾಗಿ ಕೂತರೂ, ಮೂರು ಹರಳು ಕೂಡುವ ಅತಿ ಇಕ್ಕಟ್ಟಾದ ಸಂದಿಯಲ್ಲೂ ಹರಳಿನ ಆರನೆಯ ಒಂದು ಪಾಲಿನಷ್ಟು ದಾರಿ ಉಳಿಯುತ್ತದೆ. ಅಂದರೆ 60 ಮೈಕ್ರಾನಿನ ಆಸುಪಾಸು. ಮಿಲಿಮೀಟರಿನ ಸಾವಿರದ ಒಂದು ಪಾಲು ಮೈಕ್ರಾನ್. ನೀರನ್ನು ರಾಡಿ ಮಾಡುವ ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು. ಎರಿ ಮಣ್ಣಿನ ಅತಿ ನುಣುಪಾದ ಜೇಡಿಯಂತೂ ಅದಕ್ಕಿಂತ ಇಪ್ಪತ್ತು ಪಟ್ಟು ಸಣ್ಣದು. 60ರ ತೂತಿನಲ್ಲಿ 2ರ ಕಣ ನಿಲ್ಲುವುದು ಯಾವ ಜರಡಿಯಲ್ಲೂ ಸಾಧ್ಯವಿಲ್ಲ. ಆದರೂ ಉಸುಕಿನಲ್ಲಿ ನಿಲ್ಲುತ್ತದೆ. ಕಣಗಳನ್ನು ತಡೆಯುವಾಗ ಉಸುಕು ಮಾಡುವ ಕೆಲಸವೇ ಬೇರೆ. ಆ ಕೆಲಸ ಯಾವಾಗ ನಡೆಯುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದು ಯಾದಗಿರಿ, ಶಹಾಪುರ, ಸುರಪುರದ ಕುಡಿಯುವ ನೀರಿಗೆ ನೇರ ಸಂಬಂಧಪಟ್ಟ ಸಂಗತಿ.

ಮೈಕ್ರಾನನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಒಳಗಿನವನ್ನು ನ್ಯಾನೊ ಕಣ ಎನ್ನುವುದು ರೂಢಿ. ಈ ಹೆಸರು ಕೇಳಿದ ಕೂಡಲೇ ಕಾರ್ಖಾನೆ, ಪ್ರಯೋಗಾಲಯ ನೆನಪಾಗುತ್ತವೆ. ಅವೂ ಇವೆ: ಬಿಳಿ ಬಣ್ಣದಲ್ಲಿ ಟೈಟಾನಿಯಂ ಆಕ್ಸೈಡ್, ದುರ್ವಾಸನೆ ಬಾರದ ಕಾಲುಚೀಲದಲ್ಲಿ ಬೆಳ್ಳಿ, ಬೆಳೆಗೆ ಸಿಂಪಡಿಸುವ ನ್ಯಾನೊ ಸತು. ಆದರೆ ನೆಲದ ನೀರಿನಲ್ಲಿ ಬಹುಪಾಲು ನ್ಯಾನೊ ಕಣಗಳು ಮೊದಲಿನಿಂದಲೂ ಇದ್ದವೇ. ಎರಿ ಮಣ್ಣಿನ ಜೇಡಿ, ಬೋರಿನ ನೀರು ಗಾಳಿ ಕಂಡ ಕೂಡಲೇ ಹುಟ್ಟುವ ಕಬ್ಬಿಣದ ತುಕ್ಕಿನ ಕಣ, ಕೊಳೆತ ಎಲೆ-ಸಗಣಿಯಿಂದ ಬರುವ ಕಂದು ಅಂಶ, ಕೊನೆಗೆ ವೈರಾಣು. ಪೋಲಿಯೊ ವೈರಾಣು ಸುಮಾರು 30 ನ್ಯಾನೊಮೀಟರ್. ಕಾಮಾಲೆ ತರುವ ಹೆಪಟೈಟಿಸ್ ಎ ಕೂಡ ಅದೇ ಅಳತೆಯದು. ಮಣ್ಣಿನೊಳಗಿನ ದಾರಿಯಲ್ಲಿ ಇವೆಲ್ಲ ಪಾಲಿಸುವ ನಿಯಮ ಹೆಚ್ಚು ಕಡಿಮೆ ಒಂದೇ.

ಆ ದಾರಿಯನ್ನು ಒಂದು ಸಂದಿಯ ಅಳತೆಯಲ್ಲಿ ನೋಡೋಣ. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ಸೂತ್ರವೇ ಇಂದಿಗೂ ನೆಲದ ನೀರಿನ ವೇಗಕ್ಕೆ ಆಧಾರ. ಇಳಿಜಾರು ಎಷ್ಟೋ, ಉಸುಕು ನೀರಿಗೆ ಎಷ್ಟು ದಾರಿ ಬಿಡುತ್ತದೋ, ಅಷ್ಟು ವೇಗ. ನಡುಗಾತ್ರದ ಉಸುಕಿನಲ್ಲಿ, ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ, ನೀರು ದಿನಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಒಂದು ನಿಮಿಷಕ್ಕೆ ಬರೀ 35 ಮೈಕ್ರಾನ್. ಪಕ್ಕದಲ್ಲಿ ಮೋಟಾರು ಹಚ್ಚಿದರೆ ಇದು ಹತ್ತಾರು ಪಟ್ಟು ಹೆಚ್ಚಾಗಬಹುದು. ಸದ್ಯಕ್ಕೆ ಮೋಟಾರಿಲ್ಲದ ನೆಲವನ್ನೇ ಇಟ್ಟುಕೊಳ್ಳೋಣ.

ಈಗ ಆ ನೀರಿನಲ್ಲಿ 50 ನ್ಯಾನೊಮೀಟರಿನ ಒಂದು ಕಣ ಇದೆ. ಸುತ್ತಲಿನ ನೀರಿನ ಅಣುಗಳು ಬಿಸಿಯಿಂದ ಸದಾ ಕುಣಿಯುತ್ತಿರುತ್ತವೆ, ಅದನ್ನು ಎಲ್ಲ ಕಡೆಯಿಂದ ತಳ್ಳುತ್ತಲೇ ಇರುತ್ತವೆ. ದೊಡ್ಡ ಕಣಕ್ಕೆ ಆ ತಳ್ಳಾಟ ಲೆಕ್ಕಕ್ಕಿಲ್ಲ. ಈ ಗಾತ್ರದ್ದನ್ನು ಅದು ಅತ್ತಿಂದಿತ್ತ ಅಲೆಸುತ್ತದೆ. ನಮ್ಮ ಸೀಮೆಯ ನೆಲದ ನೀರಿನ ಬಿಸಿ 30 ಡಿಗ್ರಿ ಎಂದು ಹಿಡಿದರೆ, ಈ ಅಲೆದಾಟದಲ್ಲಿ ಕಣ ಒಂದು ನಿಮಿಷಕ್ಕೆ ಒಂದು ದಿಕ್ಕಿನಲ್ಲಿ ಸುಮಾರು 35 ಮೈಕ್ರಾನ್ ಸರಿದಿರುತ್ತದೆ. ಹರಿವು ಮುಂದಕ್ಕೆ ಒಯ್ದಷ್ಟೇ ದೂರ ಅಡ್ಡಕ್ಕೂ ಹೋಗಿರುತ್ತದೆ. ಸಂದಿಯ ಅಗಲವೇ 60 ಮೈಕ್ರಾನ್. ಹಾಗಾಗಿ ಒಂದೊಂದು ಹರಳನ್ನು ದಾಟುವಾಗಲೂ ಕಣಕ್ಕೆ ಒಂದಿಲ್ಲೊಂದು ಸಲ ಹರಳಿನ ಮೈ ತಾಗುತ್ತದೆ. ಒಂದು ಮೀಟರ್ ಉಸುಕಿನಲ್ಲಿ ಹರಳುಗಳ ಸಾಲು ಎರಡೂವರೆ ಸಾವಿರ. ತಾಗುವ ಅವಕಾಶ ಸಾವಿರಗಟ್ಟಲೆ.

ಸಣ್ಣದಾದಷ್ಟೂ ಸುಲಭವಾಗಿ ನುಸುಳಿಹೋಗುತ್ತದೆ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಸಣ್ಣ ಕಣ ಹೆಚ್ಚು ಅಲೆಯುತ್ತದೆ, ಹೆಚ್ಚು ತಾಗುತ್ತದೆ. ತೀರ ದೊಡ್ಡ ಕಣ ತನ್ನ ತೂಕಕ್ಕೆ ಕೆಳಗಿಳಿದು ಹರಳಿನ ಮೇಲೆ ಕೂರುತ್ತದೆ, ಇಲ್ಲವೆ ಅಗಲದಿಂದಾಗಿಯೇ ಉಜ್ಜಿಕೊಳ್ಳುತ್ತದೆ. ಇವೆರಡರ ನಡುವೆ, ಒಂದು ಮೈಕ್ರಾನಿನ ಆಸುಪಾಸಿನದು, ಅಲೆಯುವಷ್ಟು ಸಣ್ಣದೂ ಅಲ್ಲ, ಇಳಿಯುವಷ್ಟು ಭಾರದ್ದೂ ಅಲ್ಲ. ಹರಳಿಗೆ ಎಲ್ಲಕ್ಕಿಂತ ಕಡಿಮೆ ತಾಗುವುದು ಅದೇ. ಅಮೆರಿಕದ ಯಾವ್, ಹಬೀಬಿಯನ್ ಮತ್ತು ಓಮೀಲಿಯಾ 1971ರಲ್ಲಿ ನೀರಿನ ಉಸುಕು-ಸೋಸುಕಗಳ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ಭೇದಿ ತರುವ ಬ್ಯಾಕ್ಟೀರಿಯಾಗಳ ಗಾತ್ರ ಒಂದೆರಡು ಮೈಕ್ರಾನ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ತಾಗುವುದು ಖಚಿತವಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ತಾಗಿದ್ದು ಅಂಟುತ್ತದೆಯೋ, ಜಾರುತ್ತದೆಯೋ? ಉತ್ತರಾಣಿಯ ಕಾಳು ಧೋತರಕ್ಕೆ ಹತ್ತುವುದು ಬಟ್ಟೆಯ ಸಂದಿ ಸಣ್ಣದು ಎಂಬ ಕಾರಣಕ್ಕಲ್ಲ. ಕಾಳಿನ ಮೈಗೂ ನೂಲಿನ ಮೈಗೂ ಹೊಂದಿಕೆಯಾಗುವುದರಿಂದ. ಉಸುಕಿನಲ್ಲೂ ಮೈಗಳದೇ ವ್ಯವಹಾರ. ಆ ಮೈಗಳ ಗುಣವನ್ನು ತೀರ್ಮಾನಿಸುವುದು ಮಾತ್ರ ನಡುವಿನ ನೀರು.

ಉಸುಕಿನ ಬೆಣಚು ಹರಳು ನೀರಿನಲ್ಲಿ ಋಣ ವಿದ್ಯುತ್ತು ತಳೆಯುತ್ತದೆ. ಜೇಡಿಯ ಹಾಳೆಯದೂ ಋಣ. ಬಹುತೇಕ ವೈರಾಣುಗಳದೂ ಋಣವೇ. ಸಗಣಿ-ಎಲೆಗಳ ಕಂದು ಅಂಶ ಮೆತ್ತಿಕೊಂಡ ಯಾವ ಕಣಕ್ಕಾದರೂ ಋಣದ ಹೊದಿಕೆ ಬರುತ್ತದೆ. ಋಣಕ್ಕೆ ಋಣ ಎದುರಾದರೆ ದೂಡುತ್ತವೆ; ತಾಗಲು ಬಂದ ಕಣ ಹಿಂದೆ ಸರಿಯುತ್ತದೆ. ಆದರೆ ತೀರ ಹತ್ತಿರ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ, ಯಾವ ಎರಡು ವಸ್ತುಗಳ ನಡುವೆಯೂ ಒಂದು ಸೆಳೆತ ಇರುತ್ತದೆ. ದೂಡುವ ಬಲದ ಪದರ ದಪ್ಪಗಿದ್ದರೆ ಕಣ ಆ ಸೆಳೆತದ ಹತ್ತಿರಕ್ಕೇ ಬಾರದು. ಪದರ ತೆಳುವಾದರೆ ಒಳಗೆ ಬಂದು ಅಂಟುತ್ತದೆ. 1940ರ ದಶಕದಲ್ಲಿ ರಷ್ಯಾದ ಡೆರ್ಯಾಗಿನ್-ಲಂಡಾವ್ ಜೋಡಿಯೂ ಹಾಲೆಂಡಿನ ವೆರ್ವೆ-ಓವರ್‌ಬೇಕ್ ಜೋಡಿಯೂ ಬೇರೆ ಬೇರೆಯಾಗಿ ಕಟ್ಟಿದ ಸಿದ್ಧಾಂತದ ತಿರುಳು ಇದು.

ಪದರದ ದಪ್ಪವನ್ನು ನಿರ್ಧರಿಸುವುದು ನೀರಿನಲ್ಲಿ ಕರಗಿದ ಲವಣ. ಶುದ್ಧ ನೀರಿನ ಘಟಕದ ಬಳಿ, ಆ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಹಿಡಿದು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಟಿಡಿಎಸ್ 10ರಷ್ಟಿರುವ ಮಳೆನೀರಿನಲ್ಲಿ ಆ ಪದರ ಸುಮಾರು 20 ನ್ಯಾನೊಮೀಟರ್. 300 ಇರುವ ನೀರಿನಲ್ಲಿ ಮೂರೂವರೆ. 2000 ದಾಟಿದ ಸವಳು ಬೋರಿನ ನೀರಿನಲ್ಲಿ ಒಂದೂಕಾಲು, ಒಂದೂವರೆ. ಲವಣ ಹೆಚ್ಚಿದಷ್ಟೂ ಕಣಗಳು ಉಸುಕಿಗೆ ಅಂಟುತ್ತವೆ, ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಲವಣಗಳಲ್ಲೂ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಸೋಡಿಯಂಗಿಂತ ಹತ್ತಾರು ಪಟ್ಟು ಬಿರುಸು.

ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ರೈತರಿಗೆ ಈ ಕೊನೆಯ ಮಾತು ಬೇರೆ ರೂಪದಲ್ಲಿ ಗೊತ್ತಿದೆ. 1982ರಲ್ಲಿ ಬಸವಸಾಗರ ಜಲಾಶಯ ಸಿದ್ಧವಾಗಿ ಕೃಷ್ಣೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದ ಮೇಲೆ ಜೋಳ, ತೊಗರಿಯ ಎರಿ ಹೊಲಗಳು ನೆಲ್ಲಿನ ಗದ್ದೆಗಳಾದವು. ಇಳಿಜಾರಿನ ಕೊನೆಯ ಹೊಲಗಳು ಸವಳು-ಜವಳಾದವು. ಕ್ಯಾಲ್ಸಿಯಂ ಬದಲು ಸೋಡಿಯಂ ಸೇರಿದ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂಡಿ ಬಿಡಿಬಿಡಿಯಾಗುತ್ತವೆ, ನೀರಿನೊಂದಿಗೆ ಸರಿದು ಕೆಳಗಿನ ಸಂದಿಗಳನ್ನು ಮುಚ್ಚುತ್ತವೆ. ನೀರು ಇಂಗದೆ ನಿಲ್ಲುತ್ತದೆ. ಜಿಪ್ಸಮ್ ಹಾಕಿರಿ ಎಂದು ಕೃಷಿ ಇಲಾಖೆ ಹೇಳುವುದು ಇದಕ್ಕೇ. ಜಿಪ್ಸಮ್‌ನ ಕ್ಯಾಲ್ಸಿಯಂ ಕಣಗಳನ್ನು ಮತ್ತೆ ಗಂಟುಗೂಡಿಸುತ್ತದೆ. ಜವಳು ಹೊಲದ ರೋಗವೂ ಒರತಿಯ ತಿಳಿಯೂ ಒಂದೇ ವಿಜ್ಞಾನದ ಎರಡು ಕೊನೆಗಳು.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಡ. ಊರಿನ ಶಾಲೆಯ ವಿಜ್ಞಾನದ ಮೇಷ್ಟ್ರು ಒಂದು ದಿನದಲ್ಲಿ ಮಾಡಿ ತೋರಿಸಬಹುದು. ಎರಡು ಬಾಟಲಿಗೆ ಒಂದೊಂದು ಚಮಚ ಎರಿ ಮಣ್ಣು ಹಾಕಿ, ಒಂದಕ್ಕೆ ಮಳೆನೀರು ಅಥವಾ ಆರ್.ಒ. ನೀರು ತುಂಬಿ. ಇನ್ನೊಂದಕ್ಕೂ ಅದೇ ನೀರು, ಜೊತೆಗೆ ಒಂದು ಚಮಚ ಜಿಪ್ಸಮ್ ಪುಡಿ. ಚೆನ್ನಾಗಿ ಕುಲುಕಿ ರಾತ್ರಿ ಬಿಡಿ. ಮುಂಜಾನೆ ಜಿಪ್ಸಮ್ ಬಾಟಲಿ ತಿಳಿಯಾಗಿರುತ್ತದೆ, ಇನ್ನೊಂದು ಇನ್ನೂ ಕದಡಿಯೇ ಇರುತ್ತದೆ. ಆ ಕದಡಿನಲ್ಲಿ ತೇಲುತ್ತಿರುವುದೇ ನ್ಯಾನೊ ಅಳತೆಯ ಜೇಡಿ.

ಎರಡನೆಯ ಹಂತಕ್ಕೆ ಎರಡು ಇಂಚಿನ ಪ್ಲಾಸ್ಟಿಕ್ ಪೈಪಿನ ಒಂದು ಅಡಿ ತುಂಡು ಬೇಕು. ಕೆಳಬಾಯಿಗೆ ಬಟ್ಟೆ ಕಟ್ಟಿ, ತೊಳೆದ ಉಸುಕು ತುಂಬಿ, ಬಕೆಟ್ ನೀರಿನಲ್ಲಿ ನಿಧಾನವಾಗಿ ಕೆಳಗಿನಿಂದ ಮುಳುಗಿಸಿ. ಮೇಲಿನಿಂದ ಸುರಿದರೆ ಸಂದಿಗಳಲ್ಲಿ ಗಾಳಿ ಸಿಕ್ಕಿ ಲೆಕ್ಕ ಕೆಡುತ್ತದೆ. ಸಂಶೋಧಕರು ಗಾಜಿನ ಕೊಳವೆಯಲ್ಲಿ ಮಾಡುವುದೂ ಹೀಗೆಯೇ: ಕೆಳಗಿನಿಂದ ನೀರು ತುಂಬಿ ಗಾಳಿಯನ್ನೆಲ್ಲ ಹೊರಗಟ್ಟುತ್ತಾರೆ, ಒಂದು ತುದಿಯಿಂದ ಕಣ ಬಿಡುತ್ತಾರೆ, ಇನ್ನೊಂದು ತುದಿಯಲ್ಲಿ ಬಂದದ್ದನ್ನು ಅಳೆಯುತ್ತಾರೆ, ಕೊನೆಗೆ ಉಸುಕನ್ನು ಹೋಳು ಹೋಳಾಗಿ ತೆಗೆದು ಎಲ್ಲಿ ಎಷ್ಟು ನಿಂತಿದೆ ಎಂದು ನೋಡುತ್ತಾರೆ. ಮೊದಲ ಬಾಟಲಿಯ ಮೇಲಿನ ಕದಡು ನೀರನ್ನು ಪೈಪಿನಲ್ಲಿ ಬಿಟ್ಟರೆ ಬಹುಪಾಲು ಕದಡಾಗಿಯೇ ಹೊರಬರುತ್ತದೆ. ಅದೇ ಕದಡಿಗೆ ಲೀಟರಿಗೆ ಒಂದು ಚಮಚ ಅಡುಗೆ ಉಪ್ಪು ಕರಗಿಸಿ ಬಿಟ್ಟರೆ ಹೊರಬರುವ ನೀರು ಎಷ್ಟೋ ತಿಳಿ. ಉಸುಕು ಹಿಡಿದಿದೆ. ಮೂರನೆಯ ಹಂತದಲ್ಲಿ ಬರೀ ಮಳೆನೀರು ಬಿಡಿ. ಹೊಸದಾಗಿ ಮಣ್ಣು ಹಾಕಿಲ್ಲ, ಆದರೂ ಹೊರಬರುವ ನೀರು ಮತ್ತೆ ಕದಡುತ್ತದೆ. ಹಿಡಿದದ್ದನ್ನು ಉಸುಕು ಬಿಟ್ಟುಕೊಟ್ಟಿತು.

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಮೂರನೆಯ ಹಂತವನ್ನೇ. ಉಸುಕಿನಲ್ಲಿ ನಿಂತ ಕಣ ಅಲ್ಲಿ ಕಾಯಂ ಆಗಿಲ್ಲ. ಸವಳು ನೀರಿದ್ದಾಗ ಅಂಟಿದ್ದು, ಸಿಹಿ ನೀರು ಬಂದು ದೂಡುವ ಪದರ ಮತ್ತೆ ದಪ್ಪವಾದಾಗ ಬಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಹಿಡಿಸಿದ್ದು ಅಷ್ಟು ಬೇಗ ಬಿಡುವುದಿಲ್ಲ. ಸೋಡಿಯಂ ಹಿಡಿಸಿದ್ದು ಸುಲಭವಾಗಿ ಬಿಡುತ್ತದೆ. ನಮ್ಮಲ್ಲಿ ಈ ಬದಲಾವಣೆ ಪ್ರತಿ ವರ್ಷ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮೇಲಿನ ನೀರೆಲ್ಲ ಇಂಗಿ ಬಾವಿ-ಬೋರುಗಳ ನೀರು ಸವಳಾಗುತ್ತದೆ. ಜೂನ್-ಜುಲೈನಲ್ಲಿ ಮಳೆ ಬಿದ್ದು, ಕಾಲುವೆಗೆ ಕೃಷ್ಣೆಯ ನೀರು ಬಿಟ್ಟು, ಬೇಸಿಗೆಯಲ್ಲಿ ಸವಳು ಕುಡಿದ ನೆಲದೊಳಕ್ಕೆ ಒಮ್ಮೆಲೇ ಸಿಹಿ ನೀರು ಇಳಿಯುತ್ತದೆ. ಮುಂಗಾರಿನ ಮೊದಲ ವಾರಗಳಲ್ಲಿ ಸೇದುಬಾವಿಯ ನೀರು ಕದಡುವುದಕ್ಕೆ ಮೇಲಿನಿಂದ ಹರಿದು ಬರುವ ರಾಡಿಯ ಜೊತೆಗೆ ಇದೂ ಒಂದು ಕಾರಣ ಆಗಬಲ್ಲದು.

ಉಸುಕನ್ನು ಬಿಟ್ಟು ಎರಿ ನೆಲಕ್ಕೆ ಬಂದರೆ ಅಂಟಲು ಜಾಗಕ್ಕೆ ಕೊರತೆಯೇ ಇಲ್ಲ. ಒಂದು ಗ್ರಾಂ ಉಸುಕಿನ ಹರಳುಗಳ ಮೈಯನ್ನೆಲ್ಲ ಹಾಸಿದರೆ ಒಂದು ಅಂಗೈ ಅಗಲವೂ ಆಗದು, ಸುಮಾರು 57 ಚದರ ಸೆಂಟಿಮೀಟರ್. ಎರಿ ಮಣ್ಣಿನಲ್ಲಿರುವ ಉಬ್ಬುವ ಜಾತಿಯ ಜೇಡಿ ಒಂದು ಗ್ರಾಮಿಗೆ 700 ಚದರ ಮೀಟರ್, ಹತ್ತಿರ ಹತ್ತಿರ ಏಳು ಗುಂಟೆ. ನೆನೆದು ಉಬ್ಬಿದ ಎರಿ ಮಣ್ಣಿನಲ್ಲಿ ನೀರೇ ಸರಿಯಾಗಿ ಚಲಿಸದು. ಹಾಗಾದರೆ ಎರಿ ನೆಲದ ಕೆಳಗಿನ ನೀರು ಸುರಕ್ಷಿತ ಎಂದುಕೊಳ್ಳಬಹುದಿತ್ತು, ಬೇಸಿಗೆಯ ಬಿರುಕುಗಳು ಇಲ್ಲದಿದ್ದರೆ. ಕೈ ಇಳಿಯುವಷ್ಟು ಅಗಲದ, ಆಳೆತ್ತರದವರೆಗೂ ಇಳಿಯುವ ಬಿರುಕುಗಳಲ್ಲಿ ಮೊದಲ ಮಳೆಯ ನೀರು ಏಳು ಗುಂಟೆಯ ಆ ಮೈಯನ್ನು ಮುಟ್ಟದೆಯೇ ನೇರ ಕೆಳಗಿಳಿಯುತ್ತದೆ, ಮೇಲಿದ್ದುದನ್ನೆಲ್ಲ ಕರೆದುಕೊಂಡು. ಸುರಪುರ, ಯಾದಗಿರಿ ಸುತ್ತಲ ಗ್ರಾನೈಟ್ ನೆಲದಲ್ಲೂ ಇದೇ ಪರಿ. ಮೇಲಿನ ಮೊರಂ ಪದರ ಉಸುಕಿನಂತೆ ಕೆಲಸ ಮಾಡುತ್ತದೆ. ಅದರ ಕೆಳಗೆ ಬಂಡೆಯ ಸೀಳುಗಳಲ್ಲಿ ನೀರು ವೇಗವಾಗಿ ಓಡುತ್ತದೆ, ತಾಗಲು ಮೈ ಕಡಿಮೆ. ನೂರಾರು ಅಡಿ ಕೊರೆದ ಬೋರಿನ ನೀರು ಆಳದ್ದು, ಹಾಗಾಗಿ ಶುದ್ಧ ಎನ್ನುವಂತಿಲ್ಲ.

ನೆಲ ಪೂರ್ತಿ ನೀರಿನಿಂದ ತುಂಬಿರುವುದಕ್ಕೂ ಹದವಾಗಿರುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಹದದ ನೆಲದಲ್ಲಿ ಸಂದಿಗಳ ಅರ್ಧ ಗಾಳಿ. ನೀರು ಹರಳಿನ ಮೈಗೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಕಣಗಳು ಆ ತೆಳು ಪೊರೆಯಲ್ಲಿ ಸಿಕ್ಕುತ್ತವೆ, ನೀರು-ಗಾಳಿ ಕೂಡುವ ಮೈಗೂ ಅಂಟುತ್ತವೆ. ಕಾಲುವೆ ಬಂದ ಮೇಲೆ ಅಂತರ್ಜಲ ಮೇಲೇರಿದ ಊರುಗಳಲ್ಲಿ ಈ ಹದದ ಪದರವೇ ಕಿರಿದಾಗಿದೆ. ಅಲ್ಲಿ ಶೌಚದ ಗುಂಡಿಯ ತಳ ನೇರವಾಗಿ ನೀರಿನಲ್ಲೇ ಇರುವ ಸಂಭವ ಹೆಚ್ಚು, ವೈರಾಣು ಮೊದಲಿಗಿಂತ ದೂರ ಹೋಗುವ ಸಂಭವವೂ ಹೆಚ್ಚು. ಜೋಡಿ ಗುಂಡಿ ಶೌಚಾಲಯದ ಮಾರ್ಗಸೂಚಿಯಲ್ಲಿ ಒರಟು ಉಸುಕಿನ ನೆಲವಿದ್ದರೆ ಗುಂಡಿಯ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪದ ಸಣ್ಣ ಉಸುಕು ತುಂಬಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ. ಆ ಅರ್ಧ ಮೀಟರಿನಲ್ಲಿ ಹರಳುಗಳ ಸಾಲು ಸಾವಿರಗಟ್ಟಲೆ. ಕಾಸು ಉಳಿಸಲು ಗುತ್ತಿಗೆದಾರರು ಇದನ್ನು ಬಿಡುವಂತಿದ್ದರೆ, ಮನೆಯವರೇ ನಿಂತು ಹಾಕಿಸಿಕೊಳ್ಳಬೇಕು. ಭೀಮಾ-ಕೃಷ್ಣೆಯರ ದಂಡೆಯ ಉಸುಕು ಲಾರಿ ಏರಿದಾಗಲೂ ನಾವು ಕಳೆದುಕೊಳ್ಳುವುದು ಇಂಥ ಸಾಲುಗಳನ್ನೇ.

"ನೀರು ತಿಳಿ ಅದಾವ್ರಿ, ಏನೂ ಆಗಂಗಿಲ್ಲ" ಎಂಬ ಮಾತು ನಮ್ಮ ಕಡೆ ಎಲ್ಲ ಒರತಿ, ಬಾವಿ, ಬೋರಿನ ಬಳಿಯೂ ಕೇಳುತ್ತದೆ. ಆ ಮಾತಿಗೆ ಬಲವಾದ ಉತ್ತರ ಕೊಟ್ಟ ಊರು ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಹತ್ತಿರದ ಮಂಗಳೂರು ಗ್ರಾಮದ ಸುತ್ತ (ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಹಸಿರುಶಿಲೆಯ ಪಟ್ಟಿಯಿದೆ. ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ 59 ಕೊಳವೆಬಾವಿ ಮಾದರಿಗಳ ಪೈಕಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ಮೀರಿತ್ತು, ಗರಿಷ್ಠ 303. ತಪಾಸಣೆ ಮಾಡಿದ 181 ಜನರಲ್ಲಿ ನೂರಕ್ಕೆ 58.6 ಮಂದಿಗೆ ಆರ್ಸೆನಿಕ್‌ನ ಚರ್ಮದ ಗಾಯ-ಕಲೆಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂ ದಾಟಿದ ಆರ್ಸೆನಿಕ್, ಬಹುಶಃ ಗಣಿಯ ಪುಡಿಮಣ್ಣಿನಿಂದ ಬಂದದ್ದು. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.

ಇಲ್ಲಿ ನ್ಯಾನೊ ಕಣಗಳಿಗೆ ಎರಡು ಪಾತ್ರ. ಮೊದಲನೆಯದು ಹೊತ್ತೊಯ್ಯುವುದು. ಕಬ್ಬಿಣದ ತುಕ್ಕಿನ ಮೈ ಆರ್ಸೆನಿಕ್ಕನ್ನು ಬಲವಾಗಿ ಹಿಡಿಯುತ್ತದೆ. ಆ ತುಕ್ಕು ಉಸುಕಿನ ಹರಳಿಗೆ ಮೆತ್ತಿಕೊಂಡಿದ್ದರೆ ಒಳ್ಳೆಯದು, ವಿಷ ಅಲ್ಲೇ ನಿಲ್ಲುತ್ತದೆ. ಅದೇ ತುಕ್ಕು ಬಿಡಿ ಕಣವಾಗಿ ನೀರಿನಲ್ಲಿ ಸರಿಯುತ್ತಿದ್ದರೆ ಆರ್ಸೆನಿಕ್ ಅದರ ಬೆನ್ನೇರಿ ಬರುತ್ತದೆ. ಪರೀಕ್ಷೆಗೆ ಒಯ್ಯುವ ನೀರನ್ನು 0.45 ಮೈಕ್ರಾನ್ ತೂತಿನ ಹಾಳೆಯಲ್ಲಿ ಸೋಸಿ, ಸೋಸಿದ್ದನ್ನು 'ಕರಗಿದ್ದು' ಎಂದು ಬರೆಯುವುದು ಪ್ರಯೋಗಾಲಯಗಳ ರೂಢಿ. 0.45 ಮೈಕ್ರಾನ್ ಎಂದರೆ 450 ನ್ಯಾನೊಮೀಟರ್. 50ರ ಕಣ ಆ ಹಾಳೆಯನ್ನು ಸಲೀಸಾಗಿ ದಾಟಿ 'ಕರಗಿದ್ದು' ಎಂಬ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಕಣಕ್ಕೆ ಅಂಟಿದ ಆರ್ಸೆನಿಕ್ ಹಾಳೆಯ ಮೇಲೇ ಉಳಿದು ಲೆಕ್ಕದಿಂದಲೇ ಬಿಡುತ್ತದೆ. ಜನ ಕುಡಿಯುವುದು ಸೋಸದ ನೀರು. ಆದ್ದರಿಂದ ಕುಡಿಯುವ ನೀರಿನ ಪರೀಕ್ಷೆಗೆ ಸೋಸದ ಮಾದರಿಯ ಒಟ್ಟು ಆರ್ಸೆನಿಕ್ ಕೇಳಬೇಕು.

ಎರಡನೆಯ ಪಾತ್ರ ಗುಣಪಡಿಸುವುದು. ನ್ಯಾನೊ ಗಾತ್ರದ ಕಬ್ಬಿಣವನ್ನು ನೆಲಕ್ಕೆ ಚುಚ್ಚಿ ಮಲಿನ ನೀರನ್ನು ಅಲ್ಲೇ ಶುದ್ಧಮಾಡುವ ಯತ್ನ 2000ನೇ ಇಸವಿಯಲ್ಲಿ ಅಮೆರಿಕದ ಟ್ರೆಂಟನ್‌ನಲ್ಲಿ, ಕಾರ್ಖಾನೆಯ ದ್ರಾವಕ ಸೇರಿದ ನೀರಿನ ಮೇಲೆ ಮೊದಲು ನಡೆಯಿತು. ತೊಂದರೆ ಎದುರಾದದ್ದು ರಸಾಯನದಲ್ಲಿ ಅಲ್ಲ, ದಾರಿಯಲ್ಲಿ. ಕಬ್ಬಿಣದ ಕಣಗಳು ಒಂದಕ್ಕೊಂದು ಕಾಂತದಂತೆ ಹತ್ತಿ ಗಂಟಾಗುತ್ತವೆ, ಚುಚ್ಚಿದ ಜಾಗದಿಂದ ದೂರ ಹೋಗುವುದೇ ಇಲ್ಲ. ಅದಕ್ಕಾಗಿ ಕಣಗಳಿಗೆ ಜಾರುವ ಹೊದಿಕೆ ಕೊಡುತ್ತಾರೆ. ಯುರೋಪಿನ ಪ್ರಯೋಗಗಳಲ್ಲಿ ಬಳಸಿದ ಹೊದಿಕೆಗಳಲ್ಲಿ ಒಂದು ಗೌರ್ ಗಮ್, ನಮ್ಮ ಚವಳಿಕಾಯಿಯ ಬೀಜದಿಂದ ತೆಗೆಯುವ ಅಂಟು. ಹೊದಿಸಿದ ಮೇಲೂ ಕೆಲವು ಮೀಟರ್ ಹೋದರೆ ಹೆಚ್ಚು. ಸುರಪುರದ ಸೀಳು ಬಂಡೆಯಂಥ ನೆಲದಲ್ಲಿ ಅವು ಎತ್ತ ಹೋದಾವು ಎಂದು ಮೊದಲೇ ಹೇಳುವುದು ಕಷ್ಟ. ಹಾಗಾಗಿ ನನ್ನ ಮಟ್ಟಿಗೆ ನಮ್ಮ ತಾಂಡಾಗಳಿಗೆ ಹೊಂದುವುದು ಇದರ ಉಲ್ಟಾ ದಾರಿ: ಕಣವನ್ನು ನೆಲಕ್ಕೆ ಬಿಡದೆ, ನೀರನ್ನೇ ಕಣದ ಬಳಿಗೆ ತರುವುದು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ರೂಪಿಸಿದ 'ಅಮೃತ್' ಸೋಸುಕದಲ್ಲಿ ಆರ್ಸೆನಿಕ್ ಹಿಡಿಯುವ ಕಬ್ಬಿಣದ ನ್ಯಾನೊ ಕಣಗಳನ್ನು ಸೀಗಡಿ-ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್‌ನಲ್ಲಿ ಕೂಡಿಹಾಕಿ ಹರಳು ಮಾಡಿದ್ದಾರೆ. ಕಣ ನೀರಿಗೆ ಬಿಡುಗಡೆಯಾಗದು, ಅದರ ಮೈ ಮಾತ್ರ ನೀರಿಗೆ ಸಿಗುತ್ತದೆ. ಬಾಂಗ್ಲಾದೇಶದಲ್ಲಿ ಅಬುಲ್ ಹುಸಾಮ್ ರೂಪಿಸಿ 2007ರಲ್ಲಿ ಗ್ರೇಂಜರ್ ಬಹುಮಾನ ಪಡೆದ ಸೋನೊ ಸೋಸುಕವೂ ಕಬ್ಬಿಣ ಮತ್ತು ಉಸುಕನ್ನೇ ನಂಬಿದ್ದು. ಇಂಥ ಯಾವ ಸಾಧನವಾದರೂ ತುಂಬಿದ ಮೇಲೆ ಹಿಡಿಯುವುದನ್ನು ನಿಲ್ಲಿಸುತ್ತದೆ. ಒಳಗಿನ ಸರಕನ್ನು ಬದಲಿಸುವವರು ಯಾರು, ಯಾವಾಗ ಎಂಬುದನ್ನು ಮೊದಲ ದಿನವೇ ಪಂಚಾಯಿತಿ ಗೊತ್ತುಮಾಡಬೇಕು. ಇನ್ನು ಮನೆಯಲ್ಲಿ ನೀರು ಕಾಯಿಸುವುದು ವೈರಾಣುವಿಗೆ ಮದ್ದು, ಆರ್ಸೆನಿಕ್‌ಗೆ ಅಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

ಶಹಾಪುರದ ಗೋಗಿಯ ಯುರೇನಿಯಂ ಅದಿರಿನ ಮಾತು ಬಂದಾಗಲೂ ಕಣಗಳ ಪ್ರಶ್ನೆ ಏಳುತ್ತದೆ. ಅಮೆರಿಕದ ನೆವಾಡಾದಲ್ಲಿ 1968ರ ಅಣುಸ್ಫೋಟವೊಂದರ ಪ್ಲುಟೋನಿಯಂ ಸುಮಾರು 30 ವರ್ಷಗಳಲ್ಲಿ ನೆಲದ ನೀರಿನಲ್ಲಿ 1.3 ಕಿಲೋಮೀಟರ್ ಸರಿದದ್ದು 1999ರಲ್ಲಿ ವರದಿಯಾಯಿತು. ನೀರಿನಲ್ಲಿ ಹೆಚ್ಚೇನೂ ಕರಗದ ಪ್ಲುಟೋನಿಯಂ ಅತಿ ಸಣ್ಣ ಖನಿಜ ಕಣಗಳಿಗೆ ಅಂಟಿಕೊಂಡು ಅಷ್ಟು ದೂರ ಹೋಗಿತ್ತು. ಗೋಗಿಯ ಸ್ಥಿತಿ ಬೇರೆ. ಅಲ್ಲಿ ಭೀಮಾ ಸೀಮೆಯ ಸುಣ್ಣಕಲ್ಲು ಇದೆ. ಸುಣ್ಣಕಲ್ಲಿನ, ಗಾಳಿಯಾಡಿದ ನೀರಿನಲ್ಲಿ ಯುರೇನಿಯಂ ಕಾರ್ಬೊನೇಟ್ ಜೊತೆ ಕೂಡಿ ನಿಜವಾಗಿಯೇ ಕರಗುತ್ತದೆ. ಅದಕ್ಕೆ ಕಣದ ಬೆನ್ನು ಬೇಕಿಲ್ಲ, ಉಸುಕಿನ ಸಾಲುಗಳೂ ಅದನ್ನು ತಡೆಯವು.

ನ್ಯಾನೊ ಯೂರಿಯಾ ಬಗ್ಗೆ ಕೇಳುವವರು ಬಹಳ. ಇಫ್ಕೊ 2021ರಲ್ಲಿ ಅರ್ಧ ಲೀಟರ್ ಬಾಟಲಿಯಲ್ಲಿ ತಂದ ಮೇಲೆ ಗದ್ದೆಯ ಬದುಗಳಲ್ಲೂ ಆ ಖಾಲಿ ಬಾಟಲಿ ಕಾಣುತ್ತದೆ. ಅದರಿಂದ ಇಳುವರಿ ಎಷ್ಟು ಎಂಬ ಚರ್ಚೆ ಬೇರೆ. ನೆಲದ ನೀರಿನ ಮಟ್ಟಿಗೆ, ಯೂರಿಯಾ ನೀರಿನಲ್ಲಿ ಕರಗುವ ವಸ್ತು. ಎಲೆಯಿಂದ ಜಾರಿ ಗದ್ದೆಯ ನೀರಿಗೆ ಬಿದ್ದ ಮೇಲೆ ಕಣವಾಗಿ ಉಳಿಯುವ ಭಯ ಕಡಿಮೆ. ನ್ಯಾನೊ ಸತುವೂ ಕರಗುತ್ತದೆ, ಕರಗಿದ ಸತುವನ್ನು ನಮ್ಮ ಸುಣ್ಣ ತುಂಬಿದ ಎರಿ ಮಣ್ಣು ಬೇಗನೆ ಹಿಡಿದುಕೊಳ್ಳುತ್ತದೆ. ಎಣಿಸಬೇಕಾದದ್ದು ಕರಗದವನ್ನು: ಟೈಟಾನಿಯಂ, ಹೊದಿಕೆ ಹಾಕಿದ ಬೆಳ್ಳಿ, ಮುಂದೆ ಬರಲಿರುವ ನ್ಯಾನೊ ಕೀಟನಾಶಕಗಳ ಪ್ಲಾಸ್ಟಿಕ್ ಹೊದಿಕೆಗಳು. ಎಲೆಗೆ ಚೆನ್ನಾಗಿ ಹರಡಲೆಂದು, ಗಂಟಾಗದಿರಲೆಂದು ಕೊಡುವ ಹೊದಿಕೆಯೇ ಅವನ್ನು ಉಸುಕಿನಲ್ಲೂ ದೂರ ಒಯ್ಯುತ್ತದೆ. ಭೀಮರಾಯನಗುಡಿಯ ಕೃಷಿ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇರುವುದು ಈ ನೆಲದ ಮಗ್ಗುಲಲ್ಲೇ. ಇಂಥ ಸರಕು ಅಂಗಡಿಗೆ ಬರುವ ಮುನ್ನ ಭೀಮೆಯ ಉಸುಕು, ಶಹಾಪುರದ ಎರಿ, ಯಾದಗಿರಿಯ ಮಸಾರಿ ಮೂರನ್ನೂ ಕೊಳವೆಗೆ ತುಂಬಿ, ನಮ್ಮ ಸವಳು ನೀರನ್ನೂ ಕಾಲುವೆಯ ನೀರನ್ನೂ ಸರದಿಯಲ್ಲಿ ಬಿಟ್ಟು ನೋಡಿದ ಫಲಿತಾಂಶ ರೈತರ ಕೈಗೆ ಸಿಗಬೇಕು.

ನೀರಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಬೇಸಿಗೆಯಲ್ಲಿ, ಮಾಡಿಸಿ ಕೈತೊಳೆದುಕೊಳ್ಳುವ ರೂಢಿ ಕಣಗಳ ಲೆಕ್ಕಕ್ಕೆ ಸಾಲದು. ಬೇಸಿಗೆಯ ಸವಳು ನೀರಿನಲ್ಲಿ ಅವು ಅಂಟಿ ಕೂತಿರುತ್ತವೆ, ವರದಿ ಚೆನ್ನಾಗಿಯೇ ಬರಬಹುದು. ಕರಗಿದ ವಿಷಗಳಿಗೆ ಮೇ ತಿಂಗಳ ಮಾದರಿ ಇರಲಿ. ಅದೇ ಬೋರಿನಿಂದ ಇನ್ನೊಂದು ಮಾದರಿಯನ್ನು ಮುಂಗಾರು ಹಿಡಿದು ಕಾಲುವೆಗೆ ನೀರು ಬಿಟ್ಟ ಮೇಲೆ, ಬಾವಿಯ ಟಿಡಿಎಸ್ ಇಳಿಯತೊಡಗಿದ ದಿನಗಳಲ್ಲಿ ತೆಗೆಯಬೇಕು. ಮೋಟಾರನ್ನು ಸ್ವಲ್ಪ ಹೊತ್ತು ಓಡಿಸಿ ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಬಾಟಲಿ ತುಂಬಿ. ಬಟ್ಟೆಯಲ್ಲಿ ಸೋಸಬೇಡಿ, ತಿಳಿಯಾಗಲೆಂದು ಬಿಡಬೇಡಿ. ಸೂಕ್ಷ್ಮಜೀವಿ ಪರೀಕ್ಷೆಗೆ ಬೇರೆಯೇ ಶುದ್ಧೀಕರಿಸಿದ ಬಾಟಲಿಯನ್ನು ಪ್ರಯೋಗಾಲಯದಿಂದ ಕೇಳಿ ಪಡೆದು, ತಂಪಾಗಿಟ್ಟು ಅಂದೇ ತಲುಪಿಸಿ. ಬಾಟಲಿಯ ಮೇಲೆ ದಿನಾಂಕದ ಜೊತೆ ಆ ದಿನದ ಟಿಡಿಎಸ್ ಕೂಡ ಬರೆಯಿರಿ. ಎರಡು ವರದಿ ಕೈಗೆ ಬಂದಾಗ ಹೋಲಿಸಲು ಅದು ಬೇಕಾಗುತ್ತದೆ.